ಲಾಲ್‌ಬಾಗ್ ಬಂಡೆಯಿಂದ ಸೆಂಟ್ರಲ್ ಕಾಲೇಜಿಗೆ

ಲಾಲ್‌ಬಾಗ್ ಬಂಡೆ ಹತ್ತಿದವರೆಲ್ಲ ಮೊದಲು ಫೋಟೋ ತೆಗೆಯುವುದು ಕೆಂಪೇಗೌಡರ ಗೋಪುರದ್ದು. ತಂಗಿ ಮಗನೂ ಫೋನ್ ಎತ್ತಿದ. "ಅದು ಎಲ್ಲಿಗೂ ಓಡಿಹೋಗಲ್ಲ, ಮೊದಲು ಕಾಲ ಕೆಳಗೆ ನೋಡೋ" ಅಂದೆ. ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿ ಹೇಳಿ ದೊಡ್ಡದಾದ ಗಂಟಲು ನನ್ನದು. ಪಕ್ಕದಲ್ಲಿ ಪ್ರಾಣಾಯಾಮ ಮಾಡುತ್ತಿದ್ದವರೂ ಕಣ್ಣು ಬಿಟ್ಟು ಕೆಳಗೆ ನೋಡಿದರು.

ಕಾಲ ಕೆಳಗಿದ್ದದ್ದು ಪೆನಿನ್ಸುಲಾರ್ ನೈಸ್ ಎಂಬ ಶಿಲೆ, ವಯಸ್ಸು ಸುಮಾರು 300 ಕೋಟಿ ವರ್ಷ. ಕೂತು ನೋಡಿದರೆ ಬಿಳಿ ಪಟ್ಟಿ, ಕಪ್ಪು ಪಟ್ಟಿ, ಮತ್ತೆ ಬಿಳಿ. ಸೀದಾ ಗೆರೆಗಳಲ್ಲ, ಹಿಟ್ಟು ನಾದುವಾಗ ಎಳೆದು ಮಡಚಿದ ಹಾಗೆ ತಿರುಚಿಕೊಂಡಿವೆ. ಬಿಳಿಯದು ಕ್ವಾರ್ಟ್ಸ್ ಮತ್ತು ಫೆಲ್ಡ್‌ಸ್ಪಾರ್, ಕಪ್ಪಗಿನದರಲ್ಲಿ ಬಯೊಟೈಟ್ ಎಂಬ ಕರಿ ಅಭ್ರಕ. ನೆಲದಾಳದ ಕಾವು, ಒತ್ತಡಕ್ಕೆ ಸಿಕ್ಕಿ ಕಲ್ಲೇ ಮೆತ್ತಗಾಗಿದ್ದಕ್ಕೆ ಈ ಮಡಿಕೆಗಳೇ ಸಾಕ್ಷಿ. ದಕ್ಷಿಣ ಭಾರತದ ಬಹುಪಾಲು ನೆಲ ನಿಂತಿರುವುದು ಇಂಥ ಕಲ್ಲಿನ ಮೇಲೆ. ಅದಕ್ಕೆ ಆ ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಸಾಹೇಬರು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಫಲಕವೂ ಇದೆ. ಓದುತ್ತಾ ನಿಂತವರು ಮಾತ್ರ ನಾವಿಬ್ಬರೇ.

ಪಶ್ಚಿಮದ ಗೇಟಿನಿಂದ ಹೊರಬಿದ್ದು ನ್ಯಾಷನಲ್ ಕಾಲೇಜಿಗೆ ನಡೆದೆವು. ಅಲ್ಲಿ ನೋಡುವಂಥ ಯಂತ್ರವೇನೂ ಇಲ್ಲ. ಆದರೆ ನನ್ನ ಲೆಕ್ಕದಲ್ಲಿ ಈ ಊರಿನ ವಿಜ್ಞಾನದ ದೊಡ್ಡ ಆಸ್ತಿ ಅದು. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ್ದು ಅಲ್ಲೇ. ಬುಧವಾರ ಸಂಜೆ ವಿಜ್ಞಾನಿಯೊಬ್ಬರು ಬಂದು ಮಾತಾಡುವುದು, ಯಾರು ಬೇಕಾದರೂ ಹೋಗಿ ಕೂರುವುದು. ಹಾಸ್ಟೆಲಿನಲ್ಲಿದ್ದಾಗ ನಾನೂ ಹೋಗುತ್ತಿದ್ದೆ. ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೆ ಹಿಂದಿನ ಬೆಂಚಿನ ಪಂಚೆಯುಟ್ಟ ಅಜ್ಜಂದಿರು ಎದ್ದು ನಿಂತು ಪ್ರಶ್ನೆ ಕೇಳುತ್ತಿದ್ದ ಗತ್ತು ನೋಡಲಿಕ್ಕಾದರೂ ಹೋಗಬೇಕಿತ್ತು. ಎಚ್ಚೆನ್ ಅಂದರೆ ಗೌರಿಬಿದನೂರು ಕಡೆಯ ಹೊಸೂರಿನ ಬಡ ಹುಡುಗ, ಓದುವ ಆಸೆಗೆ ಬೆಂಗಳೂರಿಗೆ ನಡೆದುಕೊಂಡೇ ಬಂದವರು. ಮುಂದೆ ಕುಲಪತಿಯಾಗಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದರು. ಹಾಸ್ಟೆಲ್ ಕೋಣೆ, ಖಾದಿ ಪಂಚೆ, ಬಿಳಿ ಟೋಪಿ ಕೊನೆಗೂ ಬಿಡಲಿಲ್ಲ. ಇದನ್ನು ಹೇಳಿದಾಗ ನಮ್ಮ ಹುಡುಗ "ನಡಕೊಂಡೇನಾ ದೊಡ್ಡಮ್ಮ?" ಅಂತ ಎರಡು ಸಲ ಕೇಳಿದ. ಅದುವರೆಗೆ ಕ್ಯಾಬ್ ಬುಕ್ ಮಾಡಲಾ ಅನ್ನುತ್ತಿದ್ದವನು ಆಮೇಲೆ ಆ ಮಾತೆತ್ತಲಿಲ್ಲ.

ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ಮೂಟೆಗಳ ಮಧ್ಯೆ ನಿಂತು ಏನನ್ನೂ ವಿವರಿಸಲು ಆಗುವುದಿಲ್ಲ. 1905ರ ಆಗಸ್ಟ್ 5ರಂದು ಇಲ್ಲಿ ವಿದ್ಯುತ್ ಬೀದಿದೀಪ ಹೊತ್ತಿತು ಎಂದಷ್ಟೇ ಕೂಗಿ ಹೇಳಿದೆ. ಏಷ್ಯಾದಲ್ಲೇ ಮೊದಲು ಎನ್ನುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಶಾಂಘೈನಲ್ಲಿ 1882ರಲ್ಲೇ ಹೊತ್ತಿತ್ತು. ಹೆಮ್ಮೆಪಡಬೇಕಾದ್ದು ಬೇರೆಯೇ ಇದೆ: ಶಿವನಸಮುದ್ರದಲ್ಲಿ ತಯಾರಾದ ಕರೆಂಟು 1902ರಲ್ಲೇ ಸುಮಾರು 150 ಕಿ.ಮೀ. ತಂತಿಯ ಮೇಲೆ ಕೋಲಾರದ ಚಿನ್ನದ ಗಣಿ ಮುಟ್ಟಿತ್ತು. ಮೊದಲು ಚಿನ್ನಕ್ಕೆ, ಮೂರು ವರ್ಷದ ಮೇಲೆ ಊರಿಗೆ. ಕೋಲಾರದವಳಾದ ನನಗೆ ಇದರಲ್ಲಿ ಖುಷಿಯೂ ಇದೆ, ಸಿಟ್ಟೂ ಇದೆ.

ಅವೆನ್ಯೂ ರೋಡ್ ದಾಟಿ ಸೆಂಟ್ರಲ್ ಕಾಲೇಜು ಸೇರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಎಚ್ಚೆನ್ ಫಿಸಿಕ್ಸ್ ಓದಿದ್ದು ಇಲ್ಲಿಯೇ. ಅವರಿಗಿಂತ ಮೊದಲು, 1928ರ ಮಾರ್ಚ್ 16ರಂದು, ಕಲ್ಕತ್ತೆಯಿಂದ ಬಂದ ಸಿ.ವಿ. ರಾಮನ್ ಇಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನೆಗೆ ಮಾತಾಡಿದರು. ದ್ರವದೊಳಗೆ ಚದುರಿದ ಬೆಳಕಿನಲ್ಲಿ ಒಂದು ಸಣ್ಣ ಪಾಲು ಬಣ್ಣ ಬದಲಿಸಿಕೊಂಡು ಹೊರಬರುತ್ತದೆ, ಅಣುಗಳು ಬೆಳಕಿನಿಂದ ಶಕ್ತಿ ಪಡೆಯುತ್ತವೆ ಇಲ್ಲವೇ ಕೊಡುತ್ತವೆ ಎಂಬ ಸಂಗತಿಯನ್ನು ಸವಿಸ್ತಾರವಾಗಿ ಸಭೆಯ ಮುಂದಿಟ್ಟದ್ದು ಅಂದು. ಆ ಭಾಷಣವೇ ಪ್ರಬಂಧವಾಗಿ ಅಚ್ಚಾಯಿತು, 1930ರಲ್ಲಿ ನೊಬೆಲ್ ಬಂತು. ಫೆಬ್ರವರಿ 28 ದೇಶಕ್ಕೆಲ್ಲ ವಿಜ್ಞಾನ ದಿನ, ಸರಿ. ಮಾರ್ಚ್ 16 ನಮ್ಮೂರಿನದು. ಅವತ್ತು ಒಂದು ಪಾದರಸದ ದೀಪ, ಒಂದು ಬಾಟಲಿ ಬೆಂಜೀನ್ ಇಟ್ಟು ಮಕ್ಕಳಿಗೆ ತೋರಿಸಿದರೆ ಎಷ್ಟು ಖರ್ಚಾದೀತು?

ಮುಂದಿನ ನಡಿಗೆ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಕಡೆಗೆ. ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನ ವಿಜ್ಞಾನಿಗಳು ಗಂಧದೆಣ್ಣೆ ಇಳಿಸಿದ ಜಾಗ ಅದು. ಹೆಣ್ಣು ಎಂಬ ಕಾರಣಕ್ಕೆ 1933ರಲ್ಲಿ ಇದೇ ರಾಮನ್, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಹುಡುಗಿಗೆ ಮೊದಲು ಸೀಟು ಕೊಡಲ್ಲ ಎಂದ ಜಾಗವೂ ಅದೇ. ಆಕೆ ಪಟ್ಟು ಬಿಡದೆ ಸೇರಿಕೊಂಡರು, ಆಮೇಲೆ ಕೇಂಬ್ರಿಡ್ಜ್‌ನಲ್ಲಿ ಡಾಕ್ಟರೇಟ್ ಪಡೆದರು. ರಾಮನ್ ಪರಿಣಾಮದ ಪಾಠ ಮಾಡಿದ ಪ್ರತಿ ವರ್ಷವೂ ಈ ಕತೆಯನ್ನು ಸೇರಿಸಿಯೇ ಹೇಳಿದ್ದೇನೆ. ಪರೀಕ್ಷೆಗೆ ಬರುತ್ತದಾ ಮಿಸ್ ಅಂತ ಕೇಳಿದವರಿಗೆಲ್ಲ, ಬರುತ್ತದೆ ಅಂದಿದ್ದೇನೆ.