ಎಂಟರ್ ಒತ್ತದ ಹೆಸರು

ನಮ್ಮ ಡೆಸ್ಕ್‌ಟಾಪ್ ತಂತ್ರಾಂಶದಲ್ಲಿರುವ ಟ್ರೀ ನೋಟವನ್ನು ಬಳಸಿ ನೋಡಲು ಈ ವಾರ ಕ್ಯಾಟಲಾಗ್ ವಿಭಾಗದ ಹಿರಿಯರೊಬ್ಬರು ಬಂದಿದ್ದರು. ಸಂಗ್ರಹದ ವಸ್ತುಗಳ ವರ್ಗ, ಅದರೊಳಗೆ ಉಪವರ್ಗ, ಅದರೊಳಗೆ ಇನ್ನೊಂದು ಎಂದು ಕವಲೊಡೆಯುತ್ತ ಹೋಗುವ ಪಟ್ಟಿ ಪರದೆಯ ಎಡಭಾಗದಲ್ಲಿರುತ್ತದೆ. ಅದರ ಯಾವ ಹೆಸರನ್ನಾದರೂ ಇದ್ದಲ್ಲಿಯೇ ತಿದ್ದಬಹುದು. ಅವರು ಒಂದು ಉಪವರ್ಗವನ್ನು ಆರಿಸಿ ಎಫ್2 ಒತ್ತಿದರು, ಹಳೆಯ ಹೆಸರನ್ನು ಅಳಿಸಿದರು, ಐದಾರು ಪದಗಳ ಹೊಸ ಹೆಸರನ್ನು ನಿಧಾನವಾಗಿ, ಪ್ರತಿ ಪದವನ್ನೂ ಒಮ್ಮೆ ನೋಡಿಕೊಂಡು ಟೈಪ್ ಮಾಡಿದರು. ಪಕ್ಕದ ವರ್ಗದಲ್ಲಿ ಅದೇ ಪದವನ್ನು ಹೇಗೆ ಬರೆಯಲಾಗಿದೆ ಎಂದು ಖಚಿತಪಡಿಸಿಕೊಳ್ಳಲು ಅದರ ಮೇಲೆ ಕ್ಲಿಕ್ ಮಾಡಿದರು. ಅಷ್ಟಕ್ಕೇ ಅವರು ಬರೆದ ಹೆಸರು ಹೋಗಿ ಹಳೆಯ ಹೆಸರು ಮತ್ತೆ ಬಂದು ಕುಳಿತಿತು. ಎಚ್ಚರಿಕೆಯ ಸಂದೇಶವಿಲ್ಲ, ಸದ್ದಿಲ್ಲ, ಮರಳಿ ಪಡೆಯುವ ದಾರಿಯೂ ಇಲ್ಲ.

ನನ್ನ ಪಕ್ಕದಲ್ಲಿದ್ದ ಸಹೋದ್ಯೋಗಿ ತಕ್ಷಣ, "ಎಂಟರ್ ಒತ್ತಬೇಕಿತ್ತು, ಮೇಡಂ" ಎಂದರು. ಆ ಹಿರಿಯರು ಪರದೆಯಿಂದ ಕಣ್ಣು ತೆಗೆಯದೆಯೇ ಉತ್ತರಿಸಿದರು: "ಬೇಕು ಅಂತ ನಾನು ಹೇಳಲಿಲ್ಲ, ಒಪ್ಪಿದೆ. ಆದರೆ ಬೇಡ ಅಂತಲೂ ನಾನು ಹೇಳಲಿಲ್ಲವಲ್ಲ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ ಪ್ರಶ್ನೆ ಅದು, ಮತ್ತು ಆ ಹೊತ್ತಿಗೆ ನಮ್ಮಿಬ್ಬರಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಅಂದಿನಿಂದ ಕೋಡ್ ತೆರೆದಾಗಲೆಲ್ಲ ನಾನು ಆ ಎರಡು ವಾಕ್ಯಗಳನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೇನೆ. ಬೇಕು ಎನ್ನುವುದಕ್ಕೆ ಎಂಟರ್ ಕೀಲಿ ಇದೆ, ಬೇಡ ಎನ್ನುವುದಕ್ಕೆ ಎಸ್ಕೇಪ್ ಕೀಲಿ ಇದೆ. ಎರಡನ್ನೂ ಒತ್ತದೆ ಬೇರೆಡೆಗೆ ಹೋದವರ ಮೌನಕ್ಕೆ ಏನು ಅರ್ಥವೆಂದು ತೀರ್ಮಾನಿಸುವವರು ತಂತ್ರಾಂಶ ಬರೆಯುವವರು, ಮತ್ತು ನಮ್ಮ ತಂತ್ರಾಂಶದಲ್ಲಿ ಆ ತೀರ್ಮಾನವನ್ನು ಯಾರೂ ಕುಳಿತು ಯೋಚಿಸಿ ತೆಗೆದುಕೊಂಡಿರಲಿಲ್ಲ.

ತಾಂತ್ರಿಕ ಕಾರಣ ಬಹಳ ಚಿಕ್ಕದು. ನಮ್ಮದು ಜಾವಾ ಭಾಷೆಯ, ಕಿಟಕಿ-ಗುಂಡಿಗಳನ್ನು ಕಟ್ಟುವ ಸಿದ್ಧ ಕೋಡಿನ ಲೈಬ್ರರಿಯಾದ ಸ್ವಿಂಗ್‌ನಲ್ಲಿ ಬರೆದ ತಂತ್ರಾಂಶ. ಅದರ ಜೆಟ್ರೀ ಎಂಬ ಘಟಕದಲ್ಲಿ 'ಇನ್ವೋಕ್ಸ್ ಸ್ಟಾಪ್ ಸೆಲ್ ಎಡಿಟಿಂಗ್' ಎಂಬ ಗುಣವೊಂದಿದೆ. ತಿದ್ದುಪಡಿ ನಡೆಯುತ್ತಿರುವಾಗಲೇ ಬಳಕೆದಾರರು ಇನ್ನೊಂದು ನೋಡ್ (ಪಟ್ಟಿಯ ಒಂದು ಕವಲು) ಆರಿಸಿದರೆ, ಅಥವಾ ಆ ಕವಲುಪಟ್ಟಿಯ, ಎಂದರೆ ಮರದ, ದತ್ತಾಂಶವೇ ಬದಲಾದರೆ, ಬರೆದದ್ದನ್ನು ಉಳಿಸಬೇಕೇ ಬಿಸಾಡಬೇಕೇ ಎಂಬುದನ್ನು ಅದು ನಿರ್ಧರಿಸುತ್ತದೆ. ನಾವಾಗಿ ಏನನ್ನೂ ಹೇಳದಿದ್ದರೆ ಅದರ ಮೌಲ್ಯ 'ಫಾಲ್ಸ್', ಎಂದರೆ ಬಿಸಾಡು. ಇದು ಗುಟ್ಟೇನಲ್ಲ, ದಸ್ತಾವೇಜಿನಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ಒಂದೇ ಸಾಲು ಸೇರಿಸಿ ಅದನ್ನು 'ಟ್ರೂ' ಮಾಡಿದರೆ ಆ ದಿನದ ತೊಂದರೆ ತೀರುತ್ತದೆ, ಮತ್ತು ನನ್ನ ಸಹೋದ್ಯೋಗಿ ಅಂದೇ ಸಂಜೆ ಆ ಸಾಲನ್ನು ಸೇರಿಸಿಯೂ ಬಿಟ್ಟರು.

ಇತರ ಕಡೆಗಳಲ್ಲಿ ಇದು ಹೀಗಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಇಂತಹದೇ ಇನ್ನೊಂದಾದ ಕ್ಯೂಟಿ ಲೈಬ್ರರಿಯ ಟ್ರೀ ನೋಟದಲ್ಲಿ ತಿದ್ದುವ ಪೆಟ್ಟಿಗೆಯಿಂದ ಫೋಕಸ್ (ಒತ್ತಿದ ಕೀಲಿಗಳು ತಲುಪುವ ಜಾಗ) ಹೊರಗೆ ಹೋದಾಗ, ತಿದ್ದುಪಡಿಯನ್ನು ನೋಡಿಕೊಳ್ಳುವ ಅದರ ಡೆಲಿಗೇಟ್ ಸಾಮಾನ್ಯವಾಗಿ ಬರೆದದ್ದನ್ನು ದತ್ತಾಂಶವಿರುವ ಮಾಡೆಲ್‌ಗೆ ಒಪ್ಪಿಸಿಯೇ ಪೆಟ್ಟಿಗೆಯನ್ನು ಮುಚ್ಚುತ್ತದೆ. ವಿಂಡೋಸ್‌ನ ಮೂಲ ಟ್ರೀ ಕಂಟ್ರೋಲ್ ತಿದ್ದುಪಡಿ ಮುಗಿದಾಗ ಹೊಸ ಹೆಸರನ್ನು ತಂತ್ರಾಂಶಕ್ಕೆ ಕಳಿಸಿ, ಸ್ವೀಕರಿಸಲೇ ಎಂದು ಕೇಳುತ್ತದೆ. ಬಳಕೆದಾರರು ರದ್ದು ಮಾಡಿದ್ದರೆ, ಕಳಿಸುವ ಸಂದೇಶದಲ್ಲಿ ಹೆಸರಿನ ಜಾಗವನ್ನು ಖಾಲಿ ಬಿಡುತ್ತದೆ. ದಿನವೂ ಫೈಲುಗಳ ಹೆಸರು ಬದಲಿಸುವ ಯಾರಿಗೇ ಆದರೂ ಬೇರೆಡೆ ಕ್ಲಿಕ್ ಮಾಡಿದರೆ ಹೆಸರು ಉಳಿಯುತ್ತದೆ ಎಂಬುದು ಕೈಗೆ ಅಭ್ಯಾಸವಾಗಿರುತ್ತದೆ. ಆ ಹಿರಿಯರು ನಿಯಮವನ್ನೇನೂ ಮೀರಿರಲಿಲ್ಲ. ಅವರ ಕೈ ಸರಿಯಾದುದನ್ನೇ ಮಾಡಿತ್ತು.

ನನ್ನ ಸಹೋದ್ಯೋಗಿ ಬುದ್ಧಿವಂತರು, ವೇಗವಾಗಿ ಕೋಡ್ ಬರೆಯುತ್ತಾರೆ, ತಂಡದಲ್ಲಿ ಯಾರಿಗೆ ತೊಡಕು ಬಂದರೂ ಮೊದಲು ನೆರವಿಗೆ ಬರುತ್ತಾರೆ. ಆದರೆ ಬಳಕೆದಾರರ ಕಷ್ಟವನ್ನು ಕೇಳಿದೊಡನೆ ಅವರ ಬಾಯಿಂದ ಮೊದಲು ಬರುವುದು ಕಷ್ಟಕ್ಕೆ ಕಾರಣವಾದ ಕೀಲಿಯ ಹೆಸರು. ನಮ್ಮ ಯೋಜನಾ ಮುಖ್ಯಸ್ಥರದು ಮತ್ತೊಂದು ಬಗೆ: ವಿಷಯ ತಿಳಿದ ಮೇಲೆ, ಬಳಕೆದಾರರಿಗೆ ಅರ್ಧ ಗಂಟೆಯ ತರಬೇತಿ ಇಡೋಣ ಎಂದರು. ತರಬೇತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಮನುಷ್ಯರು ಬರೆದದ್ದನ್ನು ಯಂತ್ರ ಕೇಳದೆ ಅಳಿಸುವುದನ್ನು ರೂಢಿ ಮಾಡಿಕೊಳ್ಳಿ ಎಂದು ಕಲಿಸುವುದಕ್ಕೆ ತರಬೇತಿ ಎನ್ನಲು ನನ್ನಿಂದಾಗದು. ಅದನ್ನು ಅವರಿಗೂ ಹೇಳಿದೆ. ಅವರು ಕೇಳಿಸಿಕೊಂಡರು ಮತ್ತು ಈ ಭಾಗವನ್ನು ಪೂರ್ತಿಯಾಗಿ ಮರಳಿ ನೋಡಲು ಸಮಯ ಕೊಟ್ಟರು. ಅದಕ್ಕಾಗಿ ಅವರಿಗೆ ಋಣಿಯಾಗಿದ್ದೇನೆ.

ಹಾಗೆ ಮರಳಿ ನೋಡಲು ಕುಳಿತಾಗ ಒಂದು ಸಂಗತಿ ಮತ್ತೆ ಮತ್ತೆ ಎದುರಾಯಿತು. ಬರಿಯ ನೋಟಕ್ಕಿರುವ ಮರಕ್ಕೂ ತಿದ್ದಲು ಬರುವ ಮರಕ್ಕೂ ಹೆಸರೊಂದೇ, ಸ್ವಭಾವ ಬೇರೆ. ನೋಡುವಾಗ ಎಡಬಾಣದ ಕೀಲಿ ಕವಲನ್ನು ಮುಚ್ಚುತ್ತದೆ, ತಿದ್ದುವಾಗ ಅದೇ ಕೀಲಿ ಕರ್ಸರನ್ನು ಒಂದಕ್ಷರ ಹಿಂದಕ್ಕೆ ಒಯ್ಯುತ್ತದೆ. ತಿದ್ದುವಾಗ ಡಿಲೀಟ್ ಕೀಲಿ ಒಂದಕ್ಷರವನ್ನು ಅಳಿಸುತ್ತದೆ, ತಿದ್ದುವ ಪೆಟ್ಟಿಗೆ ಬಳಕೆದಾರರ ಗಮನಕ್ಕೆ ಬಾರದೆ ಮುಚ್ಚಿಹೋಗಿದ್ದರೆ ಅದೇ ಕೀಲಿ ನಮ್ಮ ತಂತ್ರಾಂಶದಲ್ಲಿ ಇಡೀ ಉಪವರ್ಗವನ್ನು ಅದರ ಮಕ್ಕಳ, ಎಂದರೆ ಒಳಗಿನ ಕವಲುಗಳ, ಸಮೇತ ಅಳಿಸುತ್ತದೆ. ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವಾದ ಪಾರ್ಕ್‌ನಲ್ಲಿ ಕೆಲಸ ಮಾಡಿದ, ಕಟ್-ಕಾಪಿ-ಪೇಸ್ಟ್ ರೂಪಿಸಿದವರಲ್ಲಿ ಒಬ್ಬರಾದ ಲ್ಯಾರಿ ಟೆಸ್ಲರ್ ಇಂತಹ ಇಬ್ಬಗೆಯ ಸ್ಥಿತಿಗಳನ್ನೇ ಜೀವಮಾನವಿಡೀ ವಿರೋಧಿಸಿದರು. ಅವರ ಕಾರಿನ ನಂಬರ್ ಪ್ಲೇಟಿನಲ್ಲಿಯೂ 'ನೋ ಮೋಡ್ಸ್', ಇಂತಹ ಸ್ಥಿತಿಗಳೇ ಬೇಡ, ಎಂದೇ ಇತ್ತು. ಅವರು 2020ರಲ್ಲಿ ತೀರಿಕೊಂಡರು. ಟ್ರೀ ನೋಟದೊಳಗೆ ಹೆಸರು ತಿದ್ದುವ ಪ್ರತಿಯೊಂದು ಸೌಲಭ್ಯವೂ ಅವರು ಬೇಡವೆಂದ ಆ ಸ್ಥಿತಿಯನ್ನು ಮತ್ತೆ ತಂದಿಡುತ್ತದೆ. ತರದೆ ಇರಲಾಗದು ಎಂದಾದರೆ, ಯಾವ ಸ್ಥಿತಿಯಲ್ಲಿ ಇದ್ದೇವೆ ಎಂಬುದು ಕಣ್ಣಿಗೆ ಹೊಡೆಯುವಂತೆ ಕಾಣಿಸಲೇಬೇಕು. ಪೆಟ್ಟಿಗೆಗೆ ದಪ್ಪ ಅಂಚು ಕೊಟ್ಟೆ. ಅದು ಮುಚ್ಚಿದ ಮೇಲೆ ಬರುವ ಮೊದಲ ಡಿಲೀಟ್‌ಗೆ, ಅಳಿಸಲಿರುವ ನೋಡಿನ ಹೆಸರನ್ನೂ ಮಕ್ಕಳ ಸಂಖ್ಯೆಯನ್ನೂ ತೋರಿಸಿ ಒಪ್ಪಿಗೆ ಕೇಳುವಂತೆ ಮಾಡಿದೆ.

ತಿದ್ದುಪಡಿಯನ್ನು ಆರಂಭಿಸುವ ಬಗೆಯೂ ಹೀಗೆಯೇ ಗೊಂದಲದ್ದು. ಸ್ವಿಂಗ್‌ನಲ್ಲಿ ಎರಡು ಬಾರಿ ಕ್ಲಿಕ್ಕಿಸಿದರೆ ಕವಲು ತೆರೆಯುತ್ತದೆ ಅಥವಾ ಮುಚ್ಚುತ್ತದೆ, ಮೂರು ಬಾರಿ ಕ್ಲಿಕ್ಕಿಸಿದರೆ ತಿದ್ದುವ ಪೆಟ್ಟಿಗೆ ಬರುತ್ತದೆ, ಆರಿಸಿದ ನೋಡಿನ ಮೇಲೆ ಮತ್ತೊಮ್ಮೆ ಕ್ಲಿಕ್ಕಿಸಿ 1200 ಮಿಲಿಸೆಕೆಂಡ್ ಸುಮ್ಮನಿದ್ದರೂ ಬರುತ್ತದೆ. ಕೈ ಸ್ವಲ್ಪ ನಿಧಾನವಿರುವವರಿಗೆ ಈ ಕೊನೆಯದು ಕೇಳದೆ ಬರುವ ಅತಿಥಿ. ನಾನು ಅದನ್ನು ತೆಗೆದುಹಾಕಿ, ಎಫ್2 ಕೀಲಿಯನ್ನೂ ಬಲ ಕ್ಲಿಕ್ಕಿನ ಮೆನುವನ್ನೂ ಮಾತ್ರ ಉಳಿಸಿದೆ.

ನನ್ನನ್ನು ಹೆಚ್ಚು ಕಾಡಿದ್ದು ಉಳಿಸಿದ ಹೆಸರು ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದು. ನಮ್ಮ ಮರದ ಪ್ರತಿ ನೋಡಿನೊಳಗೆ ಒಂದು ವಸ್ತು (ಕೋಡಿನ ಆಬ್ಜೆಕ್ಟ್, ಎಂದರೆ ಮಾಹಿತಿಯ ಕಟ್ಟು) ಇದೆ. ಅದರಲ್ಲಿ ಹೆಸರಿದೆ, ಬದಲಾಗದ ಗುರುತಿನ ಸಂಖ್ಯೆ ಇದೆ, ಆ ವರ್ಗಕ್ಕೆ ಸೇರಿದ ದಾಖಲೆಗಳ ಕೊಂಡಿ ಇದೆ. ಸ್ವಿಂಗ್‌ನ ಡೀಫಾಲ್ಟ್‌ ಟ್ರೀ ಮಾಡೆಲ್, ತಿದ್ದುಪಡಿ ಮುಗಿದಾಗ 'ವ್ಯಾಲ್ಯೂ ಫಾರ್ ಪಾಥ್ ಚೇಂಜ್ಡ್' ಎಂಬ, ಒಂದು ಕೆಲಸ ಮಾಡುವ ಕೋಡಿನ ತುಣುಕಾದ ಮೆಥಡ್‌ನಲ್ಲಿ ಆ ವಸ್ತುವಿನ ಜಾಗಕ್ಕೆ ಪೆಟ್ಟಿಗೆಯಲ್ಲಿದ್ದ ಅಕ್ಷರಗಳ ಸಾಲನ್ನೇ ಇಟ್ಟುಬಿಡುತ್ತದೆ. ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಪರದೆ ತೋರಿಸುವುದು ಹೆಸರನ್ನು ಮಾತ್ರ. ಒಳಗೆ ಗುರುತಿನ ಸಂಖ್ಯೆಯೂ ಇಲ್ಲ, ಕೊಂಡಿಯೂ ಇಲ್ಲ. ಸ್ವಂತ ವಸ್ತುಗಳನ್ನು ಬಳಸುವವರು ಈ ಮೆಥಡ್ ಅನ್ನು ತಾವೇ ಬರೆದುಕೊಳ್ಳಬೇಕೆಂದು ದಸ್ತಾವೇಜು ಹೇಳುತ್ತದೆ, ಹಾಗಾಗಿ ಬರೆದೆ: ವಸ್ತು ಹಾಗೆಯೇ ಇರಲಿ, ಅದರೊಳಗಿನ ಹೆಸರು ಮಾತ್ರ ಬದಲಾಗಲಿ, ಬಳಿಕ ನೋಡ್ ಬದಲಾಗಿದೆ ಎಂದು ಮರಕ್ಕೆ ತಿಳಿಸಲಿ. ಈ ತಿಳಿಸುವಿಕೆಯನ್ನು ಬಿಟ್ಟರೆ ಮರವು ಹಳೆಯ ಹೆಸರಿನ ಅಗಲವನ್ನೇ ನೆನಪಿಟ್ಟುಕೊಂಡಿರುತ್ತದೆ, ಉದ್ದವಾದ ಹೊಸ ಹೆಸರು ಮೂರು ಚುಕ್ಕೆಗಳಲ್ಲಿ ಕತ್ತರಿಸಿಹೋಗುತ್ತದೆ.

"ಬೇಡ ಅಂತಲೂ ನಾನು ಹೇಳಲಿಲ್ಲವಲ್ಲ?" ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ ಎಂದು ನನಗೆ ಅನ್ನಿಸಿತು. ಅವರು ಹೆಸರು ಬದಲಿಸಿ ಎಂದರು. ದಾಖಲೆಗಳ ಕೊಂಡಿ ಬೇಡ ಎನ್ನಲಿಲ್ಲ. ತೆರೆದಿಟ್ಟಿದ್ದ ಕವಲುಗಳನ್ನು ಮುಚ್ಚಿ ಎಂದೂ ಹೇಳಿರಲಿಲ್ಲ. ಆದರೆ ನಮ್ಮ ಹಳೆಯ ಕೋಡ್ ಪ್ರತಿ ಬದಲಾವಣೆಯ ನಂತರ ಇಡೀ ಮರವನ್ನು 'ರೀಲೋಡ್' ಮಾಡುತ್ತಿತ್ತು, ಆಗ ಅವರು ಒಂದೊಂದಾಗಿ ತೆರೆದಿದ್ದ ಕವಲುಗಳೆಲ್ಲ ಮುಚ್ಚಿಹೋಗುತ್ತಿದ್ದವು. ಯಾವ ನೋಡ್ ಸೇರಿತು, ಯಾವುದು ಹೋಯಿತು ಎಂಬುದನ್ನಷ್ಟೇ ಮರಕ್ಕೆ ತಿಳಿಸುವ ಮೆಥಡ್‌ಗಳು ಪ್ರತ್ಯೇಕವಾಗಿಯೇ ಇವೆ. ಅವನ್ನು ಬಳಸಲು ನೋಡ್ ಯಾವ ಸ್ಥಾನದಲ್ಲಿತ್ತು ಎಂಬ ಲೆಕ್ಕವನ್ನು ಸರಿಯಾಗಿ ಇಟ್ಟುಕೊಳ್ಳಬೇಕು. ಆ ಶ್ರಮವನ್ನು ಉಳಿಸಿಕೊಳ್ಳಲು ರೀಲೋಡ್ ಮಾಡಿದರೆ, ಪ್ರತಿ ಸಾರಿಯೂ ಕವಲುಗಳನ್ನು ಮರಳಿ ತೆರೆಯುವ ಶ್ರಮ ಬಳಕೆದಾರರ ಮೇಲೆ ಬೀಳುತ್ತದೆ.

ಅಕ್ಷರಾನುಕ್ರಮದ ವಿಚಾರದಲ್ಲಿಯೂ ನನ್ನ ನಿಲುವು ಗಟ್ಟಿಯಾಯಿತು. ಹೆಸರು ಬದಲಾದ ಕೂಡಲೇ ನೋಡ್ ತನ್ನ ಹೊಸ ಸ್ಥಾನಕ್ಕೆ ಹಾರುವುದು ತರ್ಕಬದ್ಧ, ಆದರೆ ತಿದ್ದಿದವರ ಕಣ್ಣು ಇನ್ನೂ ಹಳೆಯ ಜಾಗದಲ್ಲೇ ಇರುತ್ತದೆ. ಈಗ ಆ ನೋಡ್ ಇದ್ದಲ್ಲೇ ಇರುತ್ತದೆ. ಮರುಜೋಡಿಸುವ ಗುಂಡಿಯನ್ನು ಒತ್ತಿದಾಗ ಮಾತ್ರ ಸ್ಥಾನ ಬದಲಾಗುತ್ತದೆ, ಆಗಲೂ ಆಯ್ಕೆ ಅದರೊಂದಿಗೇ ಸಾಗಿ ಪರದೆ ಅದಿರುವಲ್ಲಿಗೆ ಸರಿಯುತ್ತದೆ. ಎಳೆದು ಬೇರೆ ಕವಲಿಗೆ ಹಾಕುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ತಂದೆ ನೋಡನ್ನು ಅದರ ವಂಶದೊಳಗೇ ಹಾಕಹೊರಟರೆ ಸ್ವಿಂಗ್ ಎಕ್ಸೆಪ್ಶನ್, ಎಂದರೆ ದೋಷದ ಸೂಚನೆ, ಎಸೆಯುತ್ತದೆ, ಆ ಹಂತಕ್ಕೆ ಹೋಗುವ ಮೊದಲೇ ಅಂತಹ ಜಾಗಗಳಲ್ಲಿ ಬಿಡಲಾಗದು ಎಂದು ಕರ್ಸರ್ ತೋರಿಸಿದರೆ ಸಾಕು.

ಉಳಿದಿರುವುದು ಒಪ್ಪಲಾಗದ ಹೆಸರುಗಳ ಪ್ರಶ್ನೆ, ಮತ್ತು ಅದರಲ್ಲಿ ಸಹೋದ್ಯೋಗಿಗೂ ನನಗೂ ಇನ್ನೂ ಒಮ್ಮತವಿಲ್ಲ. ಒಂದೇ ತಂದೆಯ ಕೆಳಗೆ ಎರಡು ಉಪವರ್ಗಗಳಿಗೆ ಒಂದೇ ಹೆಸರಿರಬಾರದು ಎಂಬುದು ನಿಯಮ. ಅಂತಹ ಹೆಸರನ್ನು ಬರೆದು ಬೇರೆಡೆ ಕ್ಲಿಕ್ ಮಾಡಿದರೆ, ಎಡಿಟರ್ ಮುಗಿಸಲು ಒಪ್ಪದೆ ಬಳಕೆದಾರರನ್ನು ಅಲ್ಲೇ ಹಿಡಿದಿಡಬೇಕು, ಇನ್ನೊಂದು ನೋಡನ್ನು ಆರಿಸಲು ಬಿಡಬಾರದು ಎನ್ನುತ್ತಾರೆ ಅವರು. ದತ್ತಾಂಶ ಶುದ್ಧವಾಗಿರುತ್ತದೆ ಎಂಬ ಅವರ ವಾದ ನಿಜ. ಆದರೆ ಆ ಹಿರಿಯರು ಪಕ್ಕದ ವರ್ಗದ ಮೇಲೆ ಕ್ಲಿಕ್ ಮಾಡಿದ್ದೇ ಹೆಸರು ಸರಿಯಿದೆಯೇ ಎಂದು ನೋಡಲು. ಸರಿ ಮಾಡಲು ಬೇಕಾದ ಮಾಹಿತಿ ಹೊರಗಿರುವಾಗ ಅವರನ್ನು ಒಳಗೆ ಕೂಡಿಹಾಕಿದರೆ ಅವರು ಎಸ್ಕೇಪ್ ಒತ್ತದೆ ಬೇರೆ ದಾರಿಯಿಲ್ಲ, ಬರೆದದ್ದು ಮತ್ತೆ ಹೋಗುತ್ತದೆ. ಮರುಕಳಿಸಿದ ಹೆಸರನ್ನೂ ಕರಡಾಗಿ ಮರದಲ್ಲೇ ಉಳಿಸಿ, ಪಕ್ಕದಲ್ಲಿ ಎಚ್ಚರಿಕೆಯ ಗುರುತು ಹಾಕಿ, ಅದು ಪರಿಹಾರವಾಗುವ ತನಕ ಕಡತಕ್ಕೆ ಬರೆಯದಿರೋಣ ಎಂಬುದು ನನ್ನ ಪ್ರಸ್ತಾಪ. ಮುಖ್ಯಸ್ಥರು ಎರಡೂ ರೂಪಗಳನ್ನು ಮಾಡಿ ಆ ಹಿರಿಯರ ಮುಂದಿಡಲು ಹೇಳಿದ್ದಾರೆ.

ಕೊನೆಗೆ ಒಂದು ಸೂಕ್ಷ್ಮ ಉಳಿಯಿತು. ಆ ಹಿರಿಯರು ಬೇರೆ ಕಿಟಕಿಯಲ್ಲಿರುವ ಹಳೆಯ ಪಟ್ಟಿಯನ್ನು ನೋಡಿಕೊಳ್ಳಲು ಆಲ್ಟ್ ಮತ್ತು ಟ್ಯಾಬ್ ಒತ್ತಿ ಹೋಗಿಬರುತ್ತಾರೆ. ಆಗಲೂ ಪೆಟ್ಟಿಗೆ ಫೋಕಸ್ ಕಳೆದುಕೊಳ್ಳುತ್ತದೆ, ಆದರೆ ಆ ನಷ್ಟ ತಾತ್ಕಾಲಿಕವೆಂದು ಜಾವಾ ಗುರುತು ಹಾಕಿ ತಿಳಿಸುತ್ತದೆ. ತಾತ್ಕಾಲಿಕವಾಗಿದ್ದರೆ ಪೆಟ್ಟಿಗೆಯನ್ನು ಮುಚ್ಚುವುದೂ ಇಲ್ಲ, ಅರ್ಧ ಬರೆದದ್ದನ್ನು ಹೆಸರೆಂದು ಉಳಿಸುವುದೂ ಇಲ್ಲ. ಕರ್ಸರ್ ಇದ್ದ ಅಕ್ಷರದಲ್ಲೇ ಕಾಯುತ್ತದೆ. ಅದೇ ಕಿಟಕಿಯ ಟೂಲ್‌ಬಾರಿಗೋ ಬಲಬದಿಯ ವಿವರಗಳ ಪುಟಕ್ಕೋ ಹೋದರೆ ಮಾತ್ರ ಉಳಿಸುತ್ತದೆ, ಮತ್ತು ಆ ಉಳಿಕೆಯನ್ನು ಅನ್‌ಡೂ ಪಟ್ಟಿಗೂ ಸೇರಿಸುತ್ತದೆ. ಇಷ್ಟನ್ನು ನಿನ್ನೆ ಮುಗಿಸಿ ಹೊಸ ಆವೃತ್ತಿಯನ್ನು ಅವರಿಗೆ ಕಳಿಸಿದ್ದೇನೆ. ಮುಂದಿನ ವಾರ ತಮ್ಮ ಉದ್ದನೆಯ ಹೆಸರುಗಳ ಪಟ್ಟಿಯೊಂದಿಗೆ ಬರುವುದಾಗಿ ತಿಳಿಸಿದ್ದಾರೆ.