ಎರಡು ತೂಕ, ಎರಡು ಸ್ಪ್ರಿಂಗು: ದನಿ ಒಡೆಯುವುದನ್ನು ಲೆಕ್ಕ ಹೇಗೆ ಹಿಡಿಯುತ್ತದೆ?

ಗಂಟಲಿನ ಮಡಿಕೆಗಳನ್ನು ತೂಕ, ಸ್ಪ್ರಿಂಗುಗಳ ಮಾದರಿಯಾಗಿ ಬರೆದು ಕಂಪ್ಯೂಟರಿನಲ್ಲಿ ಓಡಿಸುವ ಲೆಕ್ಕದ ಮಾತಿದು. "ಕಾಗದದ ಮ್ಯಾಲ ತೂಕಾ, ಸ್ಪ್ರಿಂಗು ಬರದು, ದನಿ ಯಾಕ ಒಡೀತು ಅಂತ ಹೆಂಗ ಹೇಳ್ತೀರಿ?" ಧಾರವಾಡದ ಸಂಗೀತದ ಮಾಸ್ತರರಿಂದ ಹಿಡಿದು ಹುಬ್ಬಳ್ಳಿಯ ಇಂಜಿನಿಯರಿಂಗ್ ಹುಡುಗರವರೆಗೆ ಎಲ್ಲರೂ ಕೇಳುವುದು ಇದನ್ನೇ.

ಮೊದಲು ತಂಬೂರಿಯನ್ನು ಮರೆಯಿರಿ. ಧ್ವನಿತಂತು ಅಂತ ಹೆಸರಿದ್ದರೂ ಗಂಟಲಲ್ಲಿರುವುದು ತಂತಿಯಲ್ಲ, ಮಡಿಕೆ. ಮೀಟುವ ಬೆರಳಿಲ್ಲ, ಪ್ರತಿ ಸುತ್ತಿಗೂ ಗಾಳಿಯೇ ಶಕ್ತಿ ಕೊಡಬೇಕು. ಅದಕ್ಕೇ 1972ರಲ್ಲಿ ಸಂಶೋಧಕರಾದ ಇಶಿಜಾಕಾ ಮತ್ತು ಫ್ಲಾನಗನ್ ಪ್ರತಿ ಮಡಿಕೆಯನ್ನು ಸ್ಪ್ರಿಂಗಿಗೆ ಕಟ್ಟಿದ ಎರಡು ತೂಕ, ಕೆಳಗೊಂದು, ಮೇಲೊಂದು, ಎಂದು ಬರೆದರು. ಕೆಳಗಿನದು ಮೊದಲು ತೆರೆಯುತ್ತದೆ, ಮೇಲಿನದು ಹಿಂದಿನಿಂದ ಬರುತ್ತದೆ. ತೆರೆಯುವಾಗ ಸಂದಿಯ ಬಾಯಿ ಮೇಲೆ ಕಿರಿದು, ಒಳಗೆ ಒತ್ತಡ ಹೆಚ್ಚು. ಮುಚ್ಚುವಾಗ ಮೇಲೆ ಅಗಲ, ಒತ್ತಡ ಕಡಿಮೆ. ಈ ವ್ಯತ್ಯಾಸವೇ ಕಂಪನದ ಸಂಬಳ.

1995ರಲ್ಲಿ ಸ್ಟೈನೆಕೆ ಮತ್ತು ಹೆರ್ಝೆಲ್ ಇದನ್ನೇ ಸರಳ ಮಾಡಿ, ಎಡ ಬಲ ಮಡಿಕೆಗಳನ್ನು ಬೇರೆ ಬೇರೆ ಮಾಡಿದರು. ಕೆಳಗಿನ ತೂಕ 0.125 ಗ್ರಾಂ, ಸ್ಪ್ರಿಂಗಿನ ಬಿಗಿ ಮೀಟರಿಗೆ 80 ನ್ಯೂಟನ್, ಗಾಳಿಯ ಒತ್ತಡ 8 ಸೆಂ.ಮೀ. ಎತ್ತರದ ನೀರಿನಷ್ಟು. ಮೇಲಿನ ತೂಕದ ಜೋಡಣೆ ಬದಿಗಿಟ್ಟರೆ ಸಹಜ ಕಂಪನ ಸೆಕೆಂಡಿಗೆ ಸುಮಾರು 127. ಈಗ ಬಲಗಡೆಯ ಬಿಗಿ ಅರ್ಧ ಮಾಡಿ, ತೂಕ ಎರಡು ಪಟ್ಟು ಮಾಡಿ: 64ಕ್ಕೆ ಇಳಿಯುತ್ತದೆ. ನರ ಸೋತು ಒಂದು ಮಡಿಕೆ ಸಡಿಲಾದಾಗ ಆಗುವುದಕ್ಕೆ ಇದು ಒರಟು ನಕಲು. ಅಸಮತೆ ಸ್ವಲ್ಪವೇ ಇದ್ದರೆ ಗಾಳಿ ಎರಡನ್ನೂ ಒಂದೇ ತಾಳಕ್ಕೆ ಎಳೆದು ತರುತ್ತದೆ. ಸಡಿಲಾದ ಮಡಿಕೆಯ ಸಹಜ ಕಂಪನ ಇನ್ನೊಂದರ ಅರ್ಧದ ಆಸುಪಾಸಿಗೆ ಬಂದರೆ ತಾಳ ತಪ್ಪುತ್ತದೆ: ಒಂದು ಬಡಿತ ದೊಡ್ಡದು, ಮುಂದಿನದು ಸಣ್ಣದು. ಹೀಗೆ ಸುತ್ತು ಇಮ್ಮಡಿಯಾದಾಗ ಹಾಡುವವರ ಷಡ್ಜದ ಜೊತೆಗೆ ಒಂದು ಸಪ್ತಕ ಕೆಳಗಿನ ಗೊಗ್ಗರು ಕೇಳುತ್ತದೆ.

ಹುಡುಗರು ಎಡವುವುದು ಪ್ರೋಗ್ರಾಮಿನಲ್ಲಿ. ಅದು ಕಾಲವನ್ನು ಸಣ್ಣ ಸಣ್ಣ ಹೆಜ್ಜೆ ಮಾಡಿ ಮಡಿಕೆಯ ಚಲನೆಯ ಲೆಕ್ಕ ಹಾಕುತ್ತದೆ. ಮಡಿಕೆಗಳು ಡಿಕ್ಕಿಯಾದಾಗ ಬಿಗಿ ಒಮ್ಮೆಲೇ ನಾಲ್ಕು ಪಟ್ಟಾಗುತ್ತದೆ. ಹೀಗೆ ಲೆಕ್ಕ ಹಾಕುವ ಅತಿ ಸರಳ ದಾರಿಯಾದ ಸಾದಾ ಆಯ್ಲರ್ ವಿಧಾನದಲ್ಲಿ 0.1 ಮಿಲಿಸೆಕೆಂಡಿನ ಹೆಜ್ಜೆ ಇಟ್ಟರೆ ಪ್ರತಿ ಡಿಕ್ಕಿಗೂ ಇಲ್ಲದ ಶಕ್ತಿ ಸೇರಿಕೊಂಡು, ಆರೋಗ್ಯದ ಗಂಟಲೂ ಒಡಕಾಗಿ ಕಾಣಬಹುದು. ಇನ್ನೂ ನಿಖರವಾದ ನಾಲ್ಕನೇ ದರ್ಜೆಯ ರುಂಗೆ-ಕುಟ್ಟಾ ವಿಧಾನ ಹಾಕಿ, 0.05 ಮಿಲಿಸೆಕೆಂಡ್ ಇಡಿ. ಆಮೇಲೆ ಹೆಜ್ಜೆ ಅರ್ಧ ಮಾಡಿ ಮತ್ತೆ ಓಡಿಸಿ. ಗೊಗ್ಗರು ಮಾಯವಾದರೆ ಅದು ಗಂಟಲಿನದಲ್ಲ, ಲೆಕ್ಕದ್ದು. ಶುರುವಿನ ಏರಿಳಿತ ನಿಲ್ಲುವ ತನಕ ಬಂದ ಭಾಗವನ್ನೂ ಬಿಸಾಕಿ.

ಮಡಿಕೆಯ ಮೇಲೆ ಗಂಟು ಇದ್ದವರ ದನಿಗೆ ಈ ಮಾದರಿ ಸಾಲದು. ದಿನವಿಡೀ ಕೂಗಿ ಪಾಠ ಹೇಳುವವರಿಗೆ ಗಂಟಾಗುವುದು ಮಡಿಕೆಯ ಉದ್ದದಲ್ಲಿ ಒಂದು ಜಾಗದಲ್ಲಿ. ಇಲ್ಲಿ ಉದ್ದಕ್ಕೆ ಜಾಗವೇ ಇಲ್ಲ, ತೂಕ ಹೆಚ್ಚಿಸಬಹುದು ಅಷ್ಟೇ. ಅದಕ್ಕೆ ಮಡಿಕೆಯನ್ನು ಸಾವಿರಾರು ತುಂಡು ಮಾಡುವ ಭಾರೀ ಲೆಕ್ಕವೇ ಬೇಕು.

ಹಾಗಾದರೆ ರೆಕಾರ್ಡಿಂಗ್ ಕಳಿಸಿದರೆ ಯಾವ ಕಡೆ ಸೋತಿದೆ ಹೇಳ್ತೀರಾ? ಇಲ್ಲ. ಎಡ ಬಲ ಅದಲು ಬದಲು ಮಾಡಿದರೂ ಮಾದರಿಯಿಂದ ಹೊರಬೀಳುವ ಗಾಳಿ ಅದೇ, ದನಿಯೂ ಅದೇ. ಕಡೆ ಗೊತ್ತಾಗಬೇಕಾದರೆ ಇಎನ್‌ಟಿ ವೈದ್ಯರು ಕ್ಯಾಮೆರಾ ಇಳಿಸಬೇಕು. ಸುತ್ತು ಸರಿಯಿಲ್ಲದ ದನಿಗೆ, ಕಂಪನದ ತಾಳಕ್ಕೆ ಮಿನುಗಿ ಅದನ್ನು ನಿಧಾನವಾಗಿ ಕಾಣಿಸುವ ಸ್ಟ್ರೋಬ್ ಬೆಳಕೂ ತಾಳ ಹಿಡಿಯದು. ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆಯುವ ಕ್ಯಾಮೆರಾ ಆಗಬೇಕು.