ಸೊನ್ನೆ ಬಿಲ್ ಕೆಡಿಸದ ಕಂಪ್ಯೂಟರ್

ನಮ್ಮ ಮನೆಯಲ್ಲಿ ಕರೆಂಟ್ ಬಿಲ್ ಅಮ್ಮನ ಇಲಾಖೆ. ತಿಂಗಳಿಗೊಮ್ಮೆ ಮೀಟರ್ ರೀಡರ್ ಬಂದು ಚೀಟಿ ಹರಿದು ಕೊಟ್ಟು ಹೋದ ಮೇಲೆ ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾಳೆ. ಕೊನೆಯಲ್ಲಿ ಸೊನ್ನೆ ಇದ್ದರೆ ಅಡುಗೆಮನೆ ಬಾಗಿಲ ಹಿಂದಿನ ಕಂಬಿಗೆ ಚುಚ್ಚುತ್ತಾಳೆ. ದುಡ್ಡು ಕಟ್ಟಬೇಕಾದ ಬಿಲ್ ಬಂದರೆ ಅದಕ್ಕೆ ಆ ಕಂಬಿಯಲ್ಲಿ ಜಾಗ ಇಲ್ಲ, ಡಬ್ಬಿಗೆ ಹೋಗುತ್ತದೆ. 2023ರಲ್ಲಿ ಗೃಹಜ್ಯೋತಿ ಶುರುವಾದ ಮೇಲೆ ಏಪ್ರಿಲ್, ಮೇ ಬಿಟ್ಟರೆ ಉಳಿದದ್ದೆಲ್ಲ ಕಂಬಿಗೇ ಹೋಗಿದೆ. ನಾನು ಎರಡನೇ ಕಂಪ್ಯೂಟರ್ ವಿಷಯ ಎತ್ತಿದಾಗ ಅಮ್ಮ ಎಷ್ಟು ದುಡ್ಡು ಅಂತ ಕೇಳಲೇ ಇಲ್ಲ. "ಅದು ರಾತ್ರಿಯೆಲ್ಲ ಉರಿಯತ್ತೇನೋ?" ಅಂದಳು.

ಉರಿಯುತ್ತದೆ. ಅದೇ ತೊಂದರೆ.

ಎರಡನೇ ಕಂಪ್ಯೂಟರ್ ಯಾಕೆ ಬೇಕಿತ್ತು ಅಂದರೆ, ಮನೆಯಲ್ಲಿರೋ ಒಂದು ಲ್ಯಾಪ್‌ಟಾಪ್ ಆಫೀಸಿನದ್ದು, ಅದರಲ್ಲಿ ವಾಲ್‌ಪೇಪರ್ ಬದಲಿಸುವುದಕ್ಕೂ ಅನುಮತಿ ಇಲ್ಲ. ಇನ್ನೊಂದು ಹೆಂಡತಿ, ಮಗಳು ಬಳಸೋದು. ಹೋದ ವರ್ಷ ಅದರಲ್ಲಿ ಲಿನಕ್ಸ್ (ವಿಂಡೋಸ್ ಬದಲು ಹಾಕಿಕೊಳ್ಳೋ ಪುಕ್ಕಟೆ ಸಿಸ್ಟಮ್) ಹಾಕಿ ನೋಡೋಣ ಅಂತ ಡಿಸ್ಕಿನ ಪಾರ್ಟಿಷನ್ ಮುಟ್ಟಿದೆ, ಬೂಟ್ ಆಗೋದೇ ನಿಂತಿತು, ಮಾರನೇ ದಿನ ಬೆಳಗ್ಗೆ ಮಗಳ ಪ್ರಾಜೆಕ್ಟ್ ಪ್ರಿಂಟ್ ತೆಗೆಸಬೇಕಿತ್ತು. ಆ ರಾತ್ರಿಯ ಬಗ್ಗೆ ಜಾಸ್ತಿ ಹೇಳಲ್ಲ. ನನಗೆ ಬೇಕಿದ್ದದ್ದು ಕೆಡಿಸಿದರೂ ಯಾರೂ ಬೈಯದ ಒಂದು ಡಬ್ಬ, ಜೊತೆಗೆ ಮೂರು ಫೋನುಗಳ ಫೋಟೋಗಳನ್ನು ರಾತ್ರಿ ಸುಮ್ನೆ ಎಳೆದಿಟ್ಟುಕೊಂಡರೆ ಸಾಕು.

ಅಟ್ಟದ ಮೇಲೆ 2011ರಲ್ಲಿ ಅಸೆಂಬಲ್ ಮಾಡಿಸಿದ್ದ ಐ3-2100 ಪ್ರೊಸೆಸರ್‌ನ ಡೆಸ್ಕ್‌ಟಾಪ್ ಇತ್ತು. ಇಳಿಸಿ, ಧೂಳು ಊದಿ, ಹಚ್ಚಿದೆ. ಪಾಪ, ಚೆನ್ನಾಗೇ ಎದ್ದಿತು. ಆದರೆ ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್ ಹಾಕಿ ನೋಡಿದರೆ ಏನೂ ಕೆಲಸ ಮಾಡದೆ ಕೂತಾಗಲೇ 48 ವ್ಯಾಟ್. ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ, ಮೂವತ್ತನಾಲ್ಕೂವರೆ ಯೂನಿಟ್.

ಗೃಹಜ್ಯೋತಿ ಲೆಕ್ಕ ಗೊತ್ತಿಲ್ಲದವರು 200 ಯೂನಿಟ್‌ವರೆಗೆ ಎಲ್ಲರಿಗೂ ಪುಕ್ಕಟೆ ಅಂದುಕೊಂಡಿರುತ್ತಾರೆ. ಹಾಗಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅದಕ್ಕೆ ನೂರಕ್ಕೆ ಹತ್ತು ಸೇರಿಸಿ ಅಷ್ಟು ಫ್ರೀ (ತೀರಾ ಕಡಿಮೆ ಉರಿಸುವ ಮನೆಗಳಿಗೆ ಆಮೇಲೆ ಬೇರೆ ಲೆಕ್ಕ ಬಂತು). ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ನಮ್ಮ ಸರಾಸರಿ 74, ಹಾಗಾಗಿ ಫ್ರೀ ಇರೋದು 81. ಮಾಮೂಲಿ ತಿಂಗಳಲ್ಲಿ ಉರಿಸೋದು 73, 74. ಅಂದರೆ ನನ್ನ ಕಂಪ್ಯೂಟರ್‌ಗೆ ಉಳಿದಿರೋ ಪಾಲು ಏಳು ಯೂನಿಟ್. ಅದಕ್ಕಿಂತ ಮೇಲೆ ಹೋದರೆ ನೂರೋ ಇನ್ನೂರೋ ಆಗಬಹುದು, ದೊಡ್ಡ ದುಡ್ಡಲ್ಲ, ನಾನೇ ಕಟ್ಟಿಬಿಡಬಹುದು. ಆದರೆ ಕಂಬಿ ಇದೆಯಲ್ಲ.

ಏಳು ಯೂನಿಟ್ ಅಂದರೆ ಹತ್ತು ವ್ಯಾಟ್‌ಗಿಂತ ಸ್ವಲ್ಪ ಕಮ್ಮಿ. ಹೀಗೆ ಕಂಪ್ಯೂಟರ್ ಆರಿಸಿದವನು ನಾನೊಬ್ಬನೇ ಇರಬೇಕು.

ಮೊದಲು ತಲೆಗೆ ಬಂದದ್ದು ರಾಸ್ಪ್‌ಬೆರಿ ಪೈ, ಅಂಗೈಯಗಲದ ಒಂದೇ ಬೋರ್ಡಿನ ಕಂಪ್ಯೂಟರ್. 2012ರಲ್ಲಿ 35 ಡಾಲರ್‌ಗೆ ಬಂದಾಗ ಅದು ಬಡವರ ಬಂಧು. 2023ರಲ್ಲಿ ಬಂದ ಪೈ 5ರ 4 ಜಿಬಿ ಬೋರ್ಡ್ ಬಂದಾಗ 60 ಡಾಲರ್ ಅಂತ ಇದ್ದರೂ, ಅದು ಬರೀ ಬೋರ್ಡು. ಅದಕ್ಕೆ ಅದರದ್ದೇ 27 ವ್ಯಾಟ್ ಅಡಾಪ್ಟರ್ ಬೇಕು, ಡಬ್ಬಿ ಬೇಕು, ಫ್ಯಾನ್ ಬೇಕು, ಎಸ್‌ಡಿ ಕಾರ್ಡ್ ಬೇಡ ಅಂದರೆ ಎಸ್‌ಎಸ್‌ಡಿ ಕೂರಿಸೋಕೆ ಮೇಲೊಂದು ಬೋರ್ಡ್ ಬೇಕು, ಎಲ್ಲಾ ಸೇರಿಸುತ್ತಾ ಹೋದರೆ ಗಣೇಶನ ಹಬ್ಬದ ಪಟ್ಟಿ ಥರ ಮುಗಿಯೋದೇ ಇಲ್ಲ. ಕರೆಂಟ್ ವಿಷಯದಲ್ಲಿ ಮಾತ್ರ ಪೈಯನ್ನು ಸೋಲಿಸೋಕಾಗಲ್ಲ, ಒಪ್ಪುತ್ತೇನೆ. ಹೊಸ ಮಿನಿ-ಐಟಿಎಕ್ಸ್ (ಸಣ್ಣ ಅಳತೆಯ) ಮದರ್‌ಬೋರ್ಡ್ ತಂದು ಕಟ್ಟೋಣ ಅಂತಲೂ ನೋಡಿದೆ. ಬೋರ್ಡ್ ಸಣ್ಣದಾದಷ್ಟೂ ಬೆಲೆ ದೊಡ್ಡದಾಗುತ್ತೆ. ಬಿಟ್ಟೆ.

ಕೊನೆಗೆ ನಿಂತದ್ದು ಆಫೀಸುಗಳಿಂದ ಹೊರಬಿದ್ದ ಸಣ್ಣ ಡೆಸ್ಕ್‌ಟಾಪುಗಳ ಹತ್ತಿರ. ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಮೂರೂ ಹೆಚ್ಚುಕಮ್ಮಿ ಒಂದೇ ಜಾತಿ. ದಪ್ಪ ಪುಸ್ತಕದಷ್ಟು ಗಾತ್ರ, ಲ್ಯಾಪ್‌ಟಾಪ್ ರ್ಯಾಮ್, ಲ್ಯಾಪ್‌ಟಾಪ್ ಥರದ ಅಡಾಪ್ಟರ್. ಇವು ಈಗ ಅಗ್ಗ ಆಗಿರೋದಕ್ಕೆ ಕಾರಣ ಇದೆ. ವಿಂಡೋಸ್ 11ಗೆ ಇಂಟೆಲ್‌ನ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 6, 7ನೇ ತಲೆಮಾರಿನವು ಕೆಲಸ ಮಾಡುತ್ತಿದ್ದರೂ ಆಫೀಸಿಗೆ ಬೇಡವಾದವು. ಲಿನಕ್ಸ್‌ಗೆ ಈ ತಲೆಮಾರಿನ ಗೊಡವೆಯೇ ಇಲ್ಲ.

ಒಂದು ಶನಿವಾರ ಬೆಳಗ್ಗೆ ಮೈಸೂರಿನಿಂದ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆ. ಮೆಜೆಸ್ಟಿಕ್‌ನಿಂದ ಹಸಿರು ಮೆಟ್ರೋದಲ್ಲಿ ಒಂದೇ ಸ್ಟಾಪು ಚಿಕ್ಕಪೇಟೆ, ಅಲ್ಲಿಂದ ನಡೆದರೆ ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡ್. ಆನ್‌ಲೈನ್‌ನಲ್ಲೂ ಸಿಗುತ್ತೆ, ಆದರೆ ಹಳೇ ಮಾಲನ್ನು ಕೈಯಲ್ಲಿ ಹಿಡಿದು, ಹಚ್ಚಿ, ನೋಡಿ ತಗೋಬೇಕು ಅನ್ನೋನು ನಾನು. ಮೂರನೇ ಅಂಗಡಿಯಲ್ಲಿ ಇಟ್ಟಿಗೆ ಜೋಡಿಸಿದ ಹಾಗೆ ಮಿನಿ ಪಿಸಿಗಳನ್ನು ಜೋಡಿಸಿಟ್ಟಿದ್ದರು. 6ನೇ ತಲೆಮಾರಿನ ಐ5-6500ಟಿ, 8 ಜಿಬಿ ರ್ಯಾಮ್, 256 ಜಿಬಿ ಎಸ್‌ಎಸ್‌ಡಿ, 8,500 ಅಂದರು. 7,500ಕ್ಕೆ ಇಳಿಸಿದೆ. ಇಳಿಸಿದ ಖುಷಿಯಲ್ಲಿದ್ದಾಗ ಹುಡುಗ "ಅಡಾಪ್ಟರ್ ಬೇರೆ ಸಾರ್, 650" ಅಂದ. "ವಾರಂಟಿ?" ಅಂದೆ. "ಟೆಸ್ಟಿಂಗ್ ವಾರಂಟಿ." ಅಂದರೆ ಅಂಗಡಿಯಲ್ಲಿ ಹತ್ತಿದ್ದನ್ನು ನೀವು ಕಣ್ಣಾರೆ ನೋಡಿದಿರಿ, ಮನೆಗೆ ಹೋದ ಮೇಲೆ ನಿಮ್ಮ ಹಣೆಬರಹ.

ದುಡ್ಡು ಕೊಡೋ ಮೊದಲು ಎರಡು ಕೆಲಸ ಮಾಡಿದೆ, ನೀವೂ ಮಾಡಿ. ಬಯಾಸ್ (ಹಚ್ಚಿದ ಕೂಡಲೇ ಸಿಗೋ, ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳ ಜಾಗ) ಒಳಗೆ ಹೋಗಿ ಪಾಸ್‌ವರ್ಡ್ ಕೇಳುತ್ತಾ ನೋಡಿದೆ. ಕಂಪನಿಯವರು ಪಾಸ್‌ವರ್ಡ್ ಹಾಕಿಟ್ಟದ್ದನ್ನು ತೆಗೆಯದೆ ಮಾರಿದ್ದರೆ ಬೂಟ್ ಕ್ರಮ ಬದಲಿಸೋಕೂ ಪರದಾಡಬೇಕು. ಆಮೇಲೆ ಜೇಬಿನಲ್ಲಿದ್ದ ಲೈವ್ ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ, ಡಿಸ್ಕಿನ ಆರೋಗ್ಯ ಹೇಳೋ ಸ್ಮಾರ್ಟ್‌ಸಿಟಿಎಲ್ ಕಮಾಂಡ್ ಕೊಟ್ಟೆ. ಎಸ್‌ಎಸ್‌ಡಿ 21,000 ಗಂಟೆ ಓಡಿತ್ತು, ಅಂದರೆ ಎರಡೂವರೆ ವರ್ಷಕ್ಕೆ ಹತ್ತಿರ ಹತ್ತಿರ. ಕೆಟ್ಟ ಸೆಕ್ಟರ್ ಒಂದೂ ಇರಲಿಲ್ಲ. ಹುಡುಗ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ "ಇದೇನ್ ಸಾರ್, ಕಪ್ಪು ಪರದೆ?" ಅಂದ. ಹೇಳಿಕೊಟ್ಟೆ. ಇನ್ನು ಮುಂದೆ ಅವನು ಗಿರಾಕಿಗಳಿಗೆ ತೋರಿಸುತ್ತಾನೋ ಅಡಗಿಸುತ್ತಾನೋ ಗೊತ್ತಿಲ್ಲ.

ಹೆಸರಿನ ಕೊನೆಯ 'ಟಿ' ಬಗ್ಗೆ ಒಂದು ಮಾತು. 6500 ಅಂದರೆ 65 ವ್ಯಾಟ್, 6500ಟಿ ಅಂದರೆ 35 ವ್ಯಾಟ್, ಹಾಗಾಗಿ ಟಿ ಇದ್ದರೆ ಅರ್ಧ ಕರೆಂಟ್ ಅಂತ ಅಂಗಡಿಯವರು ಹೇಳುತ್ತಾರೆ. ಆ ಅಂಕಿ ಪೂರ್ತಿ ದುಡಿಯುವಾಗಿನದ್ದು. ಸುಮ್ಮನೆ ಕೂತಾಗ ಎರಡೂ ಹೆಚ್ಚುಕಮ್ಮಿ ಒಂದೇ. ಮನೆಯ ಕಂಪ್ಯೂಟರ್ ದಿನದಲ್ಲಿ 23 ಗಂಟೆ ಸುಮ್ಮನೆ ಕೂತಿರುತ್ತೆ, ಅಲ್ವಾ?

ಮನೆಗೆ ತಂದು ನೋಡಿದರೆ ಪೆಟ್ಟಿಗೆಯಲ್ಲಿ ಎಲ್ಲ ಡಿಸ್‌ಪ್ಲೇಪೋರ್ಟ್, ನನ್ನ ಹಳೇ ಮಾನಿಟರಿನಲ್ಲಿ ವಿಜಿಎ. ಕನ್ವರ್ಟರ್ 350. ವೈಫೈ ಕಾರ್ಡ್ ಇರೋ ಜಾಗ ಖಾಲಿ. ಅದನ್ನು ತುಂಬಿಸದೆ ರೌಟರ್ ಪಕ್ಕಕ್ಕೇ ಇಟ್ಟು ಕೇಬಲ್ ಹಾಕಿದೆ.

ಹಾಕಿದ್ದು ಡೆಬಿಯನ್ 13 ಅನ್ನೋ ಲಿನಕ್ಸ್, 2025ರ ಆಗಸ್ಟ್‌ನಲ್ಲಿ ಬಂದದ್ದು. ಮೂರು ವರ್ಷ ಪೂರ್ತಿ, ಆಮೇಲೆ ಎರಡು ವರ್ಷ ಅಪ್‌ಡೇಟ್ ಸಿಗುತ್ತೆ, ಅಲ್ಲಿಯವರೆಗೆ ನಾನು ಅದರ ತಂಟೆಗೆ ಹೋಗಬೇಕಿಲ್ಲ. ಇನ್‌ಸ್ಟಾಲ್ ಮಾಡುವಾಗ ರೂಟ್ (ಯಜಮಾನ ಖಾತೆ) ಪಾಸ್‌ವರ್ಡ್ ಕೇಳಿದರೆ ಖಾಲಿ ಬಿಟ್ಟು ಮುಂದೆ ಹೋಗಿ, ಆಗ ನಿಮ್ಮ ಖಾತೆಗೇ ಸುಡೋ, ಅಂದರೆ ಯಜಮಾನನ ಅಧಿಕಾರ ಬಳಸೋ ಕಮಾಂಡ್, ಸಿಗುತ್ತೆ. ನಾನು ಮೊದಲ ಸಲ ಪಾಸ್‌ವರ್ಡ್ ಕೊಟ್ಟು, ಸುಡೋ ಯಾಕಿಲ್ಲ ಅಂತ ಅರ್ಧ ಗಂಟೆ ತಲೆ ಕೆರೆದುಕೊಂಡವನು. ಪರದೆಯ ಮೇಲಿನ ಡೆಸ್ಕ್‌ಟಾಪ್‌ಗೆ ಹಗುರವಾದ ಎಕ್ಸ್‌ಎಫ್‌ಸಿಇ. 8 ಜಿಬಿಯಲ್ಲಿ ಒಂದು ಜಿಬಿ ಒಳಗೇ ಮುಗಿಸುತ್ತೆ. ರ್ಯಾಮ್ ಬೆಲೆ 2025ರ ಕೊನೆಯಿಂದ ಮೇಲೆ ಹತ್ತಿ ಕೂತಿದೆ, ಇನ್ನೊಂದು ಸ್ಟಿಕ್ ಆಸೆ ಬಿಟ್ಟಿದ್ದೇನೆ.

ಕನ್ನಡ ಟೈಪಿಂಗ್ ತಾನಾಗೇ ಬರಲ್ಲ. ಐಬಸ್-ಎಂ17ಎನ್ ಅನ್ನೋ ಟೈಪಿಂಗ್ ತಂತ್ರಾಂಶ ಹಾಕಿ, ಒಮ್ಮೆ ಲಾಗೌಟ್ ಆಗಿ ಬಂದು, ಪಟ್ಟಿಯಲ್ಲಿ ಕನ್ನಡದ ಕೆಳಗೆ ಕೆಜಿಪಿ ಆರಿಸಬೇಕು. ಅದು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡೋರಿಗೆ ಕೈಗೆ ಕೂತಿರೋ ಲೇಔಟೇ, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು. ಕೆ, ಎನ್, ಎಫ್, ಎನ್, ಆಮೇಲೆ ಡಬ್ಲ್ಯೂ. ಐದು ಒತ್ತಿನಲ್ಲಿ 'ಕನ್ನಡ' ಮೂಡಿತು. ಇಂಗ್ಲಿಷಿನಲ್ಲಿ ಉಚ್ಚಾರ ಬರೆದು ಕನ್ನಡ ಮಾಡಿಸೋರಿಗೆ ಈ ಸುಖ ಗೊತ್ತಿಲ್ಲ (ಜಗಳಕ್ಕೆ ಬರಬೇಡಿ).

ಈಗ ಮುಖ್ಯ ವಿಷಯ, ಕರೆಂಟು. ಅಗ್ಗದ ಪ್ಲಗ್ ಮೀಟರ್ ಸಣ್ಣ ಲೋಡ್‌ನಲ್ಲಿ ಸರಿ ಹೇಳುತ್ತೆ ಅನ್ನೋ ನಂಬಿಕೆ ನನಗಿಲ್ಲ. ಬಿಲ್ ಹಾಕೋದು ಗೋಡೆ ಮೀಟರ್, ಅದನ್ನೇ ಕೇಳೋಣ ಅನ್ನಿಸಿತು. ನಮ್ಮ ಮೀಟರ್ ಮೇಲೆ 3200 ಇಂಪಲ್ಸ್ ಅಂತ ಬರೆದಿದೆ, ಅಂದರೆ ಒಂದು ಯೂನಿಟ್ ಉರಿಯೋಷ್ಟರಲ್ಲಿ ಅದರ ಕೆಂಪು ದೀಪ 3200 ಸಲ ಮಿಟುಕುತ್ತೆ. ಭಾನುವಾರ ಮಧ್ಯಾಹ್ನ ಎಲ್ಲರೂ ಮದುವೆಗೆ ಹೋಗಿದ್ದಾಗ ಫ್ರಿಜ್, ರೌಟರ್, ಯುಪಿಎಸ್ ಸಮೇತ ಎಲ್ಲ ಆರಿಸಿ, ಕಂಪ್ಯೂಟರ್ ಒಂದನ್ನೇ ಬಿಟ್ಟು, ಫೋನಿನ ಸ್ಟಾಪ್‌ವಾಚ್ ಹಿಡಿದು ಜಗುಲಿಯಲ್ಲಿ ನಿಂತೆ. ಒಂದು ಮಿಟುಕು. ಕಾಯಿ, ಕಾಯಿ. 86 ಸೆಕೆಂಡ್ ಆದ ಮೇಲೆ ಇನ್ನೊಂದು. ಲೆಕ್ಕ ಹಾಕಿದರೆ 13 ವ್ಯಾಟ್. ತಿಂಗಳಿಗೆ ಒಂಬತ್ತು ಯೂನಿಟ್‌ಗೂ ಜಾಸ್ತಿ. ಕಂಬಿ ಕೈಬಿಟ್ಟಿತು. ಪಕ್ಕದ ಮನೆಯವರು "ಏನ್ ಸಾರ್, ಮೀಟರ್ ಕೆಟ್ಟಿದೆಯಾ?" ಅಂದರು. ಇಲ್ಲ ಅಂದೆ, ಇನ್ನೇನು ಹೇಳಲಿ.

ಒಳಗೆ ಬಂದು, ಕರೆಂಟ್ ಉಳಿಸೋ ಪವರ್‌ಟಾಪ್ ತಂತ್ರಾಂಶ ಹಾಕಿ ಆಟೋ-ಟ್ಯೂನ್ ಕೊಟ್ಟೆ. ಬಯಾಸ್‌ನಲ್ಲಿ ಸಿ-ಸ್ಟೇಟ್ (ಕೆಲಸ ಇಲ್ಲದಾಗ ಪ್ರೊಸೆಸರ್ ತೂಕಡಿಸೋ ವ್ಯವಸ್ಥೆ) ಆಫ್ ಆಗಿತ್ತು, ಆನ್ ಮಾಡಿದೆ. ಮಾನಿಟರ್ ಕೇಬಲ್ ಕಿತ್ತೆ. ಮತ್ತೆ ಜಗುಲಿ. ಈ ಸಲ ಒಂದು ಮಿಟುಕಿಗೂ ಇನ್ನೊಂದಕ್ಕೂ 125 ಸೆಕೆಂಡ್! ಎರಡು ನಿಮಿಷ ಒಂದು ಕೆಂಪು ದೀಪಕ್ಕಾಗಿ ಉಸಿರು ಹಿಡಿದು ಕಾಯೋದು ಹೇಗಿರುತ್ತೆ ಅಂತ ಆವತ್ತು ಗೊತ್ತಾಯಿತು. 9 ವ್ಯಾಟ್, ತಿಂಗಳಿಗೆ ಆರೂವರೆ ಯೂನಿಟ್. ಪವರ್‌ಟಾಪ್‌ನ ಒಂದು ಕಿರಿಕಿರಿ ಏನಂದರೆ ಯುಎಸ್‌ಬಿ ಮೌಸನ್ನೂ ಮಲಗಿಸಿಬಿಡುತ್ತೆ, ಎರಡು ಸೆಕೆಂಡ್ ಬಿಟ್ಟು ಅಲ್ಲಾಡಿಸಿದರೆ ತೂಕಡಿಸಿ ಏಳುತ್ತೆ. ಆ ಪೋರ್ಟ್ ಒಂದನ್ನು ಬಿಡಿಸಿಕೊಂಡರೆ ಆಯಿತು.

ಎಲ್ಲಾ ಮುಗಿಯಿತು ಅಂದುಕೊಂಡು ಡಬ್ಬವನ್ನು ಟಿವಿ ಹಿಂದೆ ಇಟ್ಟೆ. ಕರೆಂಟ್ ಹೋಗಿ ಬಂದರೆ ತಾನೇ ಏಳುವ ಹಾಗೆ ಬಯಾಸ್‌ನಲ್ಲಿ ಸೆಟ್ಟಿಂಗ್ ಇರುತ್ತೆ, ಅದನ್ನೂ ಮಾಡಿದ್ದೆ. ಮೂರನೇ ದಿನ ಮಳೆಗೆ ಕರೆಂಟ್ ಹೋಯಿತು, ಬಂತು, ಡಬ್ಬದ ದೀಪವೂ ಹತ್ತಿತು, ಆದರೆ ನೆಟ್‌ವರ್ಕಿನಲ್ಲಿ ಕಾಣೆ. ಮಾನಿಟರ್ ಹೊತ್ತು ತಂದು ಸಿಕ್ಕಿಸಿದರೆ, ತಾರೀಕು ಸರಿಯಿಲ್ಲ, ಎಫ್1 ಒತ್ತಿ ಅಂತ ಕಾಯುತ್ತಾ ಕೂತಿದೆ. ಒಳಗಿನ ನಾಣ್ಯದಂಥ ಸೆಲ್ ಸತ್ತಿತ್ತು. ಆಫೀಸಿನಲ್ಲಿ ವರ್ಷಗಟ್ಟಲೆ ಪ್ಲಗ್ಗಿಗೇ ಅಂಟಿಕೊಂಡಿದ್ದಕ್ಕೆ ಯಾರಿಗೂ ಗೊತ್ತಾಗಿರಲಿಲ್ಲ ಅನ್ಸುತ್ತೆ. ಸಿಆರ್2032, ವಾಚ್ ರಿಪೇರಿ ಅಂಗಡಿಯಲ್ಲಿ 40 ರೂಪಾಯಿ. ಹಳೇದು ತಂದರೆ ಮೊದಲ ದಿನವೇ ಇದನ್ನು ಬದಲಿಸಿ. ಒಟ್ಟು ಖರ್ಚು 8,540, ರೈಲು, ಚಿಕ್ಕಪೇಟೆಯ ದೋಸೆ ಬಿಟ್ಟು.

ಫೋಟೋಗಳಿಗೆ ಸಿಂಕ್‌ಥಿಂಗ್, ಫೋನಿನ ಫೈಲುಗಳನ್ನು ಕಂಪ್ಯೂಟರಿಗೆ ತಾನೇ ನಕಲು ಮಾಡುವ ತಂತ್ರಾಂಶ. ಅದರ ಮೂಲ ಆಂಡ್ರಾಯ್ಡ್ ಆ್ಯಪ್ 2024ರ ಕೊನೆಗೆ ನಿಂತುಹೋಯಿತು, ಈಗ ಅದರ ಫೋರ್ಕ್ (ಬೇರೆಯವರು ಮುಂದುವರಿಸಿರೋ ಪ್ರತಿ) ಹಾಕಿಕೊಳ್ಳಬೇಕು. ಫೋನಿನಲ್ಲಿ ಅಳಿಸಿದರೆ ಇಲ್ಲೂ ಅಳಿಸುತ್ತೆ, ಹಾಗಾಗಿ ಅಳಿಸಿದ್ದರ ಹಳೇ ಪ್ರತಿ ಉಳಿಸೋ ಫೈಲ್ ವರ್ಷನಿಂಗ್ ಆನ್ ಮಾಡದೆ ನಂಬಬೇಡಿ. ಹಗಲು ಹೊತ್ತಿನಲ್ಲಿ ಅದೇ ಡಬ್ಬದಲ್ಲಿ ನಾನು ಏನೇನೋ ಹಾಕಿ, ತೆಗೆದು, ಈಗಾಗಲೇ ಎರಡು ಸಲ ಪೂರ್ತಿ ಕೆಡಿಸಿ ಮತ್ತೆ ಇನ್‌ಸ್ಟಾಲ್ ಮಾಡಿದ್ದೇನೆ. ಮನೆಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ.

ಮೊದಲ ಪೂರ್ತಿ ತಿಂಗಳ ಬಿಲ್ ಹೋದ ವಾರ ಬಂತು. 80 ಯೂನಿಟ್. ಅಮ್ಮ ಕೆಳಗಿನಿಂದ ಮೇಲಕ್ಕೆ ಓದಿ, ಒಂದು ಸಲ ಟಿವಿ ಕಡೆ ನೋಡಿ, ಕಂಬಿಗೆ ಚುಚ್ಚಿದಳು. ಒಂದೇ ಯೂನಿಟ್ ಉಳಿದಿದೆ ಅಂತ ನಾನೇನೂ ಬಾಯಿ ಬಿಡಲಿಲ್ಲ. ರಾತ್ರಿ ಹನ್ನೊಂದಕ್ಕೆ ಮಲಗಿಸಿ ಬೆಳಗ್ಗೆ ಐದಕ್ಕೆ ಎಬ್ಬಿಸೋಕೆ ಆರ್‌ಟಿಸಿವೇಕ್ ಅಂತ ಒಂದು ಕಮಾಂಡ್ ಇದೆ, ಈ ವಾರ ಅದನ್ನು ಹಚ್ಚಿ ಮತ್ತೆ ಜಗುಲಿಯಲ್ಲಿ ನಿಲ್ಲಬೇಕು.